ಆಯಿಯ ಅಡಕಲು, ನನ್ನ ಫೀಸು

ಎರಡು ವರ್ಷದ ಹಿಂದಿನ ಮಾತು. ಸಿಇಟಿಯಲ್ಲಿ ಸೀಟು ಸಿಕ್ಕಿತ್ತು, ಫೀಸು ಕಟ್ಟಲು ನಾಲ್ಕೇ ದಿನ ಉಳಿದಿತ್ತು. ಅಪ್ಪ ಗೊತ್ತಿದ್ದವರನ್ನೆಲ್ಲ ಕೇಳಿ ಬಂದರೂ ಹನ್ನೆರಡು ಸಾವಿರ ಕಡಿಮೆ ಬೀಳುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಚಿಂತೆ. ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಆಯಿ, ಅಂದರೆ ಅಪ್ಪನ ಅವ್ವ, ತಲೆ ಎತ್ತದೆಯೇ ಹೇಳಿದಳು: ‘ಅಡಕಲದಾಗ ಐತಿ. ತಗೊಳ್ರಿ.’

ಅಡಕಲು ಅಂದರೆ ಅಟ್ಟ ಇರಬೇಕು ಅಂದುಕೊಂಡು ನಾನು ಏಣಿ ತರಲು ಎದ್ದೆ. ‘ಎಲ್ಲಿಗೆ ಹೊಂಟಿ ತಮ್ಮಾ? ಅಡಕಲ ಅಂದ್ರ ಗೊತ್ತಿಲ್ಲೇನ ನಿನಗ? ಏನ ಓದಿಯೋ ಏನೋ’ ಎಂದು ಆಯಿ ನಕ್ಕಳು. ಅಪ್ಪನಿಗೆ ಗೊತ್ತಿತ್ತು. ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಮಣ್ಣಿನ ಗಡಿಗೆಗಳ ಸಾಲೇ ಅಡಕಲು. ತಳದಲ್ಲಿ ದೊಡ್ಡದು, ಮೇಲೇರಿದಂತೆ ಚಿಕ್ಕದು. ಹುಟ್ಟಿದಾಗಿನಿಂದ ನೋಡಿದ್ದೆ, ಹೆಸರು ಮಾತ್ರ ಕೇಳಿರಲಿಲ್ಲ.

ಒಂದೊಂದೇ ಗಡಿಗೆ ಇಳಿಸಿದೆವು. ಹೆಸರು, ಕಡಲೆ, ಹುರುಳಿ. ಎಲ್ಲಕ್ಕಿಂತ ಕೆಳಗಿನದರಲ್ಲಿ ಬೂದಿ ಬೆರೆಸಿದ ಅವರೆ ಬೀಜ, ಅದರೊಳಗೆ ಹಳೆಯ ಸೀರೆಯ ತುಂಡಿನ ಗಂಟು. ಬಿಚ್ಚಿ ಎಣಿಸಿದರೆ ಹದಿನಾಲ್ಕು ಸಾವಿರ ಚಿಲ್ಲರೆ. ಎಮ್ಮೆಯ ಹೈನದಲ್ಲಿ ಆಯಿ ವರ್ಷಗಟ್ಟಲೆ ಉಳಿಸಿದ ದುಡ್ಡು. ನನ್ನ ಫೀಸು ಅಲ್ಲಿಂದ ಬಂತು.

ಆದರೆ ಆ ಗಂಟಿನಲ್ಲಿ ಏಳು ಹಳೆಯ ಐನೂರರ ನೋಟುಗಳೂ ಇದ್ದವು. 2016ರ ನವೆಂಬರ್ 8ರ ರಾತ್ರಿ ರದ್ದಾದ ನೋಟುಗಳು. ಬ್ಯಾಂಕಿಗೆ ಕಟ್ಟಲು ಆ ವರ್ಷದ ಡಿಸೆಂಬರ್ 30ರವರೆಗೆ ಅವಕಾಶವಿತ್ತು. ಆಯಿಗೂ ಸುದ್ದಿ ಗೊತ್ತಿತ್ತು. ಮತ್ತೆ ಯಾಕೆ ಕೊಡಲಿಲ್ಲ ಎಂದು ಅಪ್ಪ ಕೇಳಿದರೆ, ‘ಅದನ್ನ ಕೊಟ್ಟಿದ್ರ ಎಲ್ಲಿ ಇಟ್ಟೀನಿ ಅಂತ ಹೇಳಬೇಕಾಗತಿತ್ತಲ್ಲೋ’ ಅಂದಳು. ಜಾಗ ಯಾರಿಗೂ ಗೊತ್ತಿಲ್ಲದಿರುವುದೇ ಆ ಗಡಿಗೆಗಿದ್ದ ಬೀಗ. ಮೂರೂವರೆ ಸಾವಿರ ಹೋಯಿತು, ಬೀಗ ಉಳಿಯಿತು.

ಮೂರನೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಪಾಠ ನಡೆಯುವಾಗ ನಮ್ಮ ಮೇಡಂ ‘ಸ್ಟ್ಯಾಕ್’ ವಿವರಿಸಿದರು. ಕೊನೆಗೆ ಇಟ್ಟದ್ದು ಮೊದಲು ಹೊರಗೆ ಬರುತ್ತದೆ, ಮೊದಲು ಇಟ್ಟದ್ದು ಕೊನೆಗೆ. ನನ್ನ ಕಣ್ಣ ಮುಂದೆ ಬಂದದ್ದು ಅಡಕಲು. ದಿನಕ್ಕೆ ಬೇಕಾದದ್ದು ಮೇಲೆ, ವರ್ಷಕ್ಕೊಮ್ಮೆ ಬೇಕಾಗುವ ಬೀಜ ತಳದಲ್ಲಿ. ಕಳ್ಳ ಬಂದರೂ ಅಷ್ಟೂ ಗಡಿಗೆಗಳನ್ನು ಸದ್ದಿಲ್ಲದೆ ಇಳಿಸಬೇಕು. ಶಾಲೆಯ ಮೆಟ್ಟಿಲು ಹತ್ತದ ಆಯಿ ಅದನ್ನು ಯೋಚಿಸಿಯೇ ಜೋಡಿಸಿದ್ದಳು.

ಅಂದಿನಿಂದ ಕೂಡಿಡುವ ಜಾಗಗಳ ಹೆಸರು ಕೇಳಿ ಬರೆದುಕೊಳ್ಳುವ ಚಟ ಹತ್ತಿತು. ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಹಾಕಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಕೂಡಲೇ ಒಳಗೆ ಇಳಿಯುವಂತಿಲ್ಲ. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿಗೆ ಜೀವ ಹೋಗಬಹುದು. ಅದಕ್ಕೇ ಮೊದಲು ದೀಪ ಇಳಿಬಿಟ್ಟು, ಆರುತ್ತದೆಯೇ ಎಂದು ನೋಡುತ್ತಿದ್ದರಂತೆ. ಹಾಸ್ಟೆಲ್‌ನಲ್ಲಿ ನನ್ನ ರೂಮಿನ ತೀರ್ಥಹಳ್ಳಿಯ ಗೆಳೆಯ ಮರದ ಹಲಗೆಯ ಪಣತದ ಬಗ್ಗೆ ಹೇಳಿದ. ಮಂಡ್ಯದವನು ಗುಡಾಣ ಅಂದ. ಬಿದಿರು ಹೆಣೆದು ಸಗಣಿ ಸಾರಿಸಿದ ಕಣಜದ ಹೆಸರು ಈಗ ಕನ್ನಡದ ಒಂದು ಅಂತರ್ಜಾಲ ಜ್ಞಾನಕೋಶಕ್ಕೆ ಬಂದಿದೆ. ಬಿಜ್ಜಳನ ಕಾಲದಲ್ಲಿ ಬಸವಣ್ಣನವರು ನೋಡಿಕೊಂಡದ್ದು ಭಂಡಾರವನ್ನು. ಅದಕ್ಕೇ ಅವರು ಭಂಡಾರಿ ಬಸವಣ್ಣ.

ಕೆಲವು ಪದಗಳು ದೂರದಿಂದ ಬಂದವು. ಖಜಾನೆ ಮೂಲತಃ ಅರಬ್ಬಿ ಪದ. ಇಂಗ್ಲಿಷಿನ ಮ್ಯಾಗಜೀನ್ ಕೂಡ ಅದೇ ಬೇರಿನದು, ಮೊದಲು ಅದರ ಅರ್ಥ ಉಗ್ರಾಣ. ನಮ್ಮ ರಾಜ್ಯ ಸರ್ಕಾರದ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯ ಹೆಸರು ಇವತ್ತಿಗೂ ಖಜಾನೆ-2. ಠೇವಣಿಯ ಹಿಂದೆ ಮರಾಠಿಯಲ್ಲಿ ‘ಇಡು’ ಎಂಬರ್ಥದ ಮಾತಿದೆ. ನಮ್ಮ ಇಡುಗಂಟು ಹೇಳುವುದೂ ಅದನ್ನೇ. ನಗದು ಎಂಬ ಅರ್ಥದ ಕ್ಯಾಶ್ ಮೊದಲು ಹಣದ ಪೆಟ್ಟಿಗೆಯ ಹೆಸರಾಗಿತ್ತು. ಕಂಪ್ಯೂಟರಿನ ಕ್ಯಾಶ್ ಮೆಮೊರಿ ಬೇರೆಯೇ ಪದ, ಫ್ರೆಂಚಿನಲ್ಲಿ ‘ಬಚ್ಚಿಡು’ ಎಂದು. ಕೋಶ ಎಂದರೆ ಬೊಕ್ಕಸವೂ ಹೌದು, ಪದಗಳನ್ನು ಕೂಡಿಟ್ಟ ನಿಘಂಟೂ ಹೌದು.

ಇಷ್ಟೆಲ್ಲ ಬರೆದುಕೊಂಡ ಮೇಲೆ ನನಗೆ ಅನಿಸಿದ್ದು ಒಂದೇ. ಕೂಡಿಡುವುದರಲ್ಲಿ ಎರಡು ಕೆಲಸ ಇವೆ. ಬೇರೆಯವರ ಕೈಗೆ ಸಿಗಬಾರದು, ನಮ್ಮವರ ಕೈಗೆ ಸಿಗಬೇಕು. ಮೊದಲನೆಯದಕ್ಕೆ ಬೀಗ ಸಾಕು. ಎರಡನೆಯದಕ್ಕೆ ಜಾಗದ ಹೆಸರು ಮನೆಯವರಿಗೆ ಗೊತ್ತಿರಬೇಕು. ಅಂದು ರಾತ್ರಿ ಅಪ್ಪ ಇರದೆ ನಾನೊಬ್ಬನೇ ಇದ್ದಿದ್ದರೆ? ಆಯಿಗೆ ಮಾತೇ ನಿಂತುಹೋಗಿದ್ದರೆ?

ಇದು ಗಡಿಗೆಯ ಕಾಲದ ತೊಂದರೆ ಅಂದುಕೊಳ್ಳಬೇಡಿ. ನಮ್ಮ ದುಡ್ಡು ಈಗ ಮೊಬೈಲಿನಲ್ಲಿ, ಬೀಗ ಪಾಸ್‌ವರ್ಡ್‌ನಲ್ಲಿ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಖಾತೆಯ ಹಣ ರಿಸರ್ವ್ ಬ್ಯಾಂಕ್ ನೋಡಿಕೊಳ್ಳುವ ಒಂದು ನಿಧಿಗೆ ವರ್ಗವಾಗುತ್ತದೆ. ಖಾತೆದಾರರು ಅಥವಾ ವಾರಸುದಾರರು ಆಮೇಲೂ ಬ್ಯಾಂಕಿಗೆ ಹೋಗಿ ಕೇಳಿ ಪಡೆಯಬಹುದು. ಇಂಥ ಖಾತೆಗಳನ್ನು ಹುಡುಕಲೆಂದೇ 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣ ತೆರೆದಿದ್ದಾರೆ. ಅಂದರೆ ಇಟ್ಟ ಜಾಗ ಮನೆಯವರಿಗೆ ಹೇಳದೇ ಹೋದವರು ಆಯಿಯಂಥವರು ಮಾತ್ರವಲ್ಲ, ಓದಿದವರೂ ಇದ್ದಾರೆ.

ನಾಳೆ ನಮಗೂ ಕೆಲಸ ಸಿಗುತ್ತದೆ, ಸಂಬಳದ ಖಾತೆ ತೆರೆಯುತ್ತೇವೆ, ಪಿಎಫ್ ಶುರುವಾಗುತ್ತದೆ. ಅರ್ಜಿಯಲ್ಲಿ ನಾಮಿನಿ ಎಂಬ ಖಾಲಿ ಜಾಗ ಬಂದಾಗ ‘ಆಮೇಲೆ ತುಂಬೋಣ’ ಅನ್ನಬೇಡಿ. ತುಂಬಿ, ಯಾರ ಹೆಸರು ಬರೆದಿರೋ ಅವರಿಗೆ ಹೇಳಿ.

ಹೋದ ದಸರಾ ರಜೆಯಲ್ಲಿ ಅಪ್ಪನನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ ತುಂಬಿದೆ. ಯಾವ ಬ್ಯಾಂಕು, ಯಾವ ಸೊಸೈಟಿ, ವಿಮೆಯ ಕಂತು ಯಾವಾಗ, ನಾಮಿನಿ ಯಾರು. ಪಾಸ್‌ವರ್ಡ್, ಪಿನ್ ಮಾತ್ರ ಬರೆಯಲಿಲ್ಲ. ಒಂದು ಖಾತೆಯಲ್ಲಿ ನಾಮಿನಿ ಹೆಸರೇ ಇರಲಿಲ್ಲ. ಮರುದಿನವೇ ಹೋಗಿ ಅವ್ವನ ಹೆಸರು ಸೇರಿಸಿದೆವು. ಬರೆದು ಮುಗಿದ ಮೇಲೆ ಈ ನೋಟ್‌ಬುಕ್ ಎಲ್ಲಿಡುವುದು ಎಂಬ ಪ್ರಶ್ನೆ ಬಂತು.

ಆಯಿ ಅಡಿಕೆ ಕುಟ್ಟುತ್ತಲೇ ಅಂದಳು, ‘ಅಡಕಲದಾಗ ಇಡು. ಈಗರ ಗೊತ್ತಾತಲ್ಲ ಎಲ್ಲೈತಿ ಅಂತ?’