ಕೃಷ್ಣ ಜನ್ಮಸ್ಥಾನದ ಬಾಗಿಲಲ್ಲಿ

ಸೆರೆಮನೆಗೆ ನಮ್ಮ ಜನ ಇಟ್ಟಿರುವ ಹೆಸರುಗಳು ತಮಾಷೆಯವು. ಒಬ್ಬರು 'ಮಾವನ ಮನೆ' ಎಂದರೆ ಮತ್ತೊಬ್ಬರು 'ಕೃಷ್ಣ ಜನ್ಮಸ್ಥಾನ' ಎನ್ನುತ್ತಾರೆ. ಆದರೆ ಒಳಗಿರುವ ಮಗನನ್ನೋ ಗಂಡನನ್ನೋ ನೋಡಲು ಬಟ್ಟೆಯ ಚೀಲ ಹಿಡಿದು ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲೋ ಬೆಳಗಾವಿಯ ಹಿಂಡಲಗಾದಲ್ಲೋ ಗೇಟಿನ ಮುಂದೆ ಕಾಯುವವರಿಗೆ ಈ ಹೆಸರುಗಳು ನಗು ತರಿಸುವುದಿಲ್ಲ. ಅವರ ಬಾಯಲ್ಲಿರುವುದು ಬೇರೊಂದು ಪದ: ಮುಲಾಖಾತ್. ಭೇಟಿ ಎಂಬ ಅರ್ಥದ, ಅರಬ್ಬಿ ಮೂಲದ ಮಾತು. ಸರ್ಕಾರಿ ಕಡತಗಳಲ್ಲಿ ಇದೇ 'ಸಂದರ್ಶನ'.

ಈ ಭೇಟಿ ಅಧಿಕಾರಿ ತೋರುವ ಕರುಣೆಯೋ, ಕೈದಿಯ ಹಕ್ಕೋ? ಬ್ರಿಟಿಷರ ಕಾಲದ 1894ರ ಕಾರಾಗೃಹ ಕಾಯ್ದೆಯ 40ನೇ ಕಲಮು, ಇನ್ನೂ ಅಪರಾಧ ಸಾಬೀತಾಗದ ಕೈದಿಗಳನ್ನೂ ಸಿವಿಲ್ ಕೈದಿಗಳನ್ನೂ ಹೊರಗಿನವರು ಕಾಣಲು ತಕ್ಕ ಏರ್ಪಾಡು ಇರಬೇಕು ಎಂದಿತು. ಶಿಕ್ಷೆಗೊಳಗಾದವರ ಮಾತನ್ನು ಆ ಕಲಮು ಎತ್ತಲಿಲ್ಲ. 41ನೇ ಕಲಮು ಬಂದವರ ಹೆಸರು, ವಿಳಾಸ ಕೇಳಲು, ಅನುಮಾನವಿದ್ದರೆ ಶೋಧಿಸಲು ಜೈಲರಿಗೆ ಅಧಿಕಾರ ಕೊಟ್ಟಿತು. ಆದರೆ ಜೊತೆಗೇ ಒಂದು ಕಟ್ಟು ಹಾಕಿತು: ಆ ಶೋಧನೆ ಯಾವ ಕೈದಿಯ ಎದುರಿಗೂ, ಬೇರೆ ಸಂದರ್ಶಕರ ಎದುರಿಗೂ ನಡೆಯಕೂಡದು. ಮಗನ ಕಣ್ಣೆದುರು ತಾಯಿಯನ್ನು ತಡಕಬಾರದು ಎಂದೇ ಇದರ ಅರ್ಥ.

ಸಂವಿಧಾನದಲ್ಲಿ ಸೆರೆಮನೆ ರಾಜ್ಯಪಟ್ಟಿಗೆ ಸೇರಿದ ವಿಷಯ. ಆದ್ದರಿಂದ ವಾರಕ್ಕೆ ಎಷ್ಟು ಭೇಟಿ, ಎಷ್ಟು ಹೊತ್ತು ಎಂಬುದು ಎಲ್ಲೆಡೆ ಒಂದೇ ಬಗೆಯಾಗಿಲ್ಲ. ಕರ್ನಾಟಕ 1963ರಲ್ಲಿ ತನ್ನದೇ ಕಾಯ್ದೆಯನ್ನೂ 1974ರಲ್ಲಿ ನಿಯಮಗಳನ್ನೂ ಮಾಡಿಕೊಂಡಿತು.

ಕರುಣೆಯೋ ಹಕ್ಕೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದೆಹಲಿಯ ತಿಹಾರ್ ಜೈಲಿನ ಒಂದು ಮೊಕದ್ದಮೆಯಲ್ಲಿ. ಕಳ್ಳಸಾಗಣೆ ತಡೆ ಕಾನೂನಿನಡಿ ಮುನ್ನೆಚ್ಚರಿಕೆಯ ಬಂಧನದಲ್ಲಿದ್ದ ಬ್ರಿಟಿಷ್ ಪ್ರಜೆ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಅವರಿಗೆ ಸುಮಾರು ಐದು ವರ್ಷದ ಮಗಳಿದ್ದಳು. ಆ ಮಗುವನ್ನು ನೋಡಲು ತಿಂಗಳಿಗೆ ಒಂದೇ ಭೇಟಿ. ಅದೇ ಜೈಲಿನ ನಿಯಮದಂತೆ ಶಿಕ್ಷೆಯಾದವರಿಗೆ ವಾರಕ್ಕೊಂದು, ವಿಚಾರಣಾಧೀನರಿಗೆ ವಾರಕ್ಕೆರಡು ಭೇಟಿಗಳಿದ್ದವು! 1981ರ ಜನವರಿ 13ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಬರೆದ ಸುಪ್ರೀಂ ಕೋರ್ಟಿನ ತೀರ್ಪು ಈ ಕಟ್ಟುಪಾಡನ್ನು ತಳ್ಳಿಹಾಕಿತು. ಬದುಕುವುದೆಂದರೆ ಬರೀ ಉಸಿರಾಡುವುದಲ್ಲ, ತನ್ನವರೊಂದಿಗೆ ಬೆರೆಯುವುದೂ 21ನೇ ವಿಧಿ ಕಾಯುವ ಬದುಕಿನ ಭಾಗವೇ ಎಂಬುದು ಅದರ ಸಾರ. ವಾರಕ್ಕೆ ಎರಡಾದರೂ ಭೇಟಿ ಇರಲಿ ಎಂದಿತು.

ತಾಯಿಯೊಂದಿಗೆ ಜೈಲಿನಲ್ಲೇ ಬೆಳೆಯುವ ಮಕ್ಕಳಿಗೆ ಆರು ವರ್ಷದವರೆಗೆ ಮಾತ್ರ ಅಲ್ಲಿ ಇರಲು ಅವಕಾಶ. ಆಮೇಲೆ ಸರ್ಕಾರಿ ಪಾಲನಾಗೃಹಕ್ಕೆ ಹೋದ ಮಗುವಿಗೆ ವಾರಕ್ಕೊಮ್ಮೆಯಾದರೂ ತಾಯಿಯನ್ನು ತೋರಿಸಬೇಕೆಂದು 2006ರಲ್ಲಿ ಅದೇ ನ್ಯಾಯಾಲಯ ಹೇಳಿತು.

ಹಕ್ಕೇನೋ ಸಿಕ್ಕಿತು. ಆದರೆ ಅದನ್ನು ಪಡೆಯುವ ಖರ್ಚು ಬೀಳುವುದು ಮನೆಯವರ ಮೇಲೆ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಚಾರ್ಜು ಬೇರೆ. ಗುರುತಿನ ಚೀಟಿ ತೋರಿಸಿ, ಸರದಿ ಕಾದು, ಕೊನೆಗೆ ಜಾಲರಿಯ ಅಥವಾ ಗಾಜಿನ ಆಚೆ ಈಚೆ ನಿಂತು ಆಡುವ ಮಾತು ಕೆಲವೇ ನಿಮಿಷ. ಪಕ್ಕದವರ ಗಲಾಟೆಯಲ್ಲಿ ಅರ್ಧ ಕೇಳಿಸುವುದೂ ಇಲ್ಲ. 2022ರ ಕೊನೆಗೆ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರಾಗಿದ್ದರು. ಅಂದರೆ ಹೊರಗೆ ಕಾಯುವ ಬಹುಪಾಲು ಮನೆಯವರು ಅಪರಾಧಿಯ ಮನೆಯವರೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳಿರಲಿಲ್ಲ. ಊರು ಮಾತ್ರ ಅಷ್ಟು ದಿನ ಕಾಯುವುದಿಲ್ಲ.

2020ರಲ್ಲಿ ಕೋವಿಡ್ ಕಾರಣಕ್ಕೆ ಭೇಟಿಗಳು ನಿಂತಾಗ 'ಇ-ಮುಲಾಖಾತ್' ಎಂಬ ವಿಡಿಯೊ ಭೇಟಿ ಹೆಚ್ಚು ಬಳಕೆಗೆ ಬಂತು. ದೂರದ ಊರಿನವರಿಗೆ ಇದರಿಂದ ಪ್ರಯಾಣ ಉಳಿಯುತ್ತದೆ. ಆದರೆ ಒಳ್ಳೆಯ ಫೋನೂ ಅದನ್ನು ಬಳಸುವ ಅಭ್ಯಾಸವೂ ಇಲ್ಲದ ಮುದುಕಿಗೆ ಗೇಟಿನ ಸರದಿಯೇ ಗತಿ.

ಶಿಕ್ಷೆ ಮುಗಿಸಿ ಹೊರಬಂದವನು ಮೊದಲು ಹುಡುಕುವುದು ತನ್ನ ಮನೆಯ ದಾರಿಯನ್ನು. ಅದು ಹುಲ್ಲು ಬೆಳೆದು ಮುಚ್ಚಿಹೋಗದಂತೆ ನೋಡಿಕೊಂಡವರು, ಅಷ್ಟೂ ವರ್ಷ ಮುಲಾಖಾತಿಗೆಂದು ಆ ದಾರಿ ಸವೆಸಿದವರೇ.