ಅಂತೋಣಿ ಹಬ್ಬಕ್ಕೆ ಬೀಜ, ಮರಿಯಮ್ಮನ ಹಬ್ಬಕ್ಕೆ ಹೂ

ಮಕ್ಕಳ ಇಂಗ್ಲಿಷ್ ಚಿತ್ರಪುಸ್ತಕಗಳಲ್ಲಿ ವಸಂತ ಬಂದೊಡನೆ ಮನೆಮಂದಿಯೆಲ್ಲ ತೋಟಕ್ಕಿಳಿದು ಬೀಜ ಬಿತ್ತುತ್ತಾರೆ. ಅದು ಹಿಮ ಕರಗುವ ದೇಶಗಳ ವಸಂತ. ಗೋವೆಯ ವಸಂತ ಬೇರೆ. ಪಾಸ್ಕ ಹಬ್ಬದ ಹೊತ್ತಿಗೆ ಇಲ್ಲಿ ಗೇರುಹಣ್ಣು ಕೆಂಪಾಗುತ್ತದೆ, ಮಾವು ಬಲಿಯುತ್ತದೆ. ಆದರೆ ಬಾವಿಯ ನೀರು ತಳ ಸೇರಿ ನೆಲ ಕಲ್ಲಾಗಿರುತ್ತದೆ. ಬಿತ್ತನೆಯೇನಿದ್ದರೂ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ. ಹಾಗಾದರೆ ವಸಂತದಲ್ಲಿ ಮಕ್ಕಳಿಗೇನು ಕೆಲಸ? ತಯಾರಿಯ ಕೆಲಸ!

ಗೋವೆಯ ಹಿರಿಯರಿಗೆ ಇದು ಹೊಸದಲ್ಲ. ಮಳೆಗಾಲಕ್ಕೆಂದು ಒಣಮೀನು, ಮೆಣಸಿನಕಾಯಿ, ಕೋಕಂ ಕೂಡಿಡುವುದನ್ನು ಅವರು 'ಪುರುಮೆಂತ್' ಎನ್ನುತ್ತಾರೆ. ಮಡಗಾಂವ್‌ನ ಪವಿತ್ರಾತ್ಮರ ದೇವಾಲಯದ ಹಬ್ಬದ ಸಂತೆಗೆ ಬಂದ ಹೆಸರೂ ಅದೇ. ಈ ಬಾರಿ ಮಕ್ಕಳಿಂದಲೂ ಒಂದು ಪುಟ್ಟ ಪುರುಮೆಂತ್ ಮಾಡಿಸೋಣ.

ಏಪ್ರಿಲ್–ಮೇ: ಕೂಡಿಡುವ ಕಾಲ

ಬಲಿತು ಒಣಗಿದ ಬೆಂಡೆಕಾಯಿಯನ್ನು ಮಗುವೇ ಒಡೆದು ಬೀಜ ತೆಗೆಯಲಿ. ಅದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಮೇಲೆ ಹೆಸರು, ದಿನಾಂಕ ಬರೆಯಲಿ. ಅಂಗಳದ ಒಣ ಎಲೆ, ತರಕಾರಿ ಸಿಪ್ಪೆ, ಸ್ವಲ್ಪ ಮಣ್ಣು ಪದರ ಪದರವಾಗಿ ಹಳೆಯ ಬಕೆಟ್‌ಗೆ ಸೇರಲಿ. ಹಲಸಿನ ಬೀಜವನ್ನು ಮಾತ್ರ ಒಣಗಿಸಬಾರದು, ಒಣಗಿದರೆ ಅದು ಮೊಳೆಯುವುದಿಲ್ಲ. ಹಣ್ಣು ತಿಂದ ವಾರದಲ್ಲೇ ಮಣ್ಣು ತುಂಬಿದ ಹಾಲಿನ ಪ್ಯಾಕೆಟ್ಟಿನಲ್ಲಿ ಊರಿ. ತಳದಲ್ಲಿ ತೂತು ಮಾಡುವುದನ್ನು ಮರೆಯದಿರಿ.

ಜೂನ್: ಬಿತ್ತುವ ಕಾಲ

ಜೂನ್ 13 ಸಂತ ಅಂತೋಣಿಯವರ ಹಬ್ಬ. ಅಂದು ಗೌರಿ ಹೂ, ಚೆಂಡು ಹೂಗಳ ಬೀಜ ಬಿತ್ತಿರಿ. ಮಾತೆ ಮರಿಯಮ್ಮನ ಜನನದ ಹಬ್ಬದ ನವೇನ ಆರಂಭವಾಗುವುದು ಆಗಸ್ಟ್ 30ರಂದು. ನಡುವೆ ಹನ್ನೊಂದು ವಾರಗಳಿವೆ. ಈ ಹೂಗಳಿಗೆ ಅಷ್ಟು ಸಮಯ ಸಾಕು. ಕರಾವಳಿಯ ಮಕ್ಕಳು ಒಂಬತ್ತು ದಿನವೂ ಮಾತೆಗೆ ಹೂ ಒಯ್ಯುವ ಪದ್ಧತಿ ನಮಗೆಲ್ಲ ಗೊತ್ತು. ಅಂಗಡಿಯಿಂದ ತಂದ ಹೂವನ್ನು ಮಗು ಕೊಡುತ್ತದೆ, ಮರೆಯುತ್ತದೆ. ತಾನೇ ಬೆಳೆಸಿದ್ದನ್ನು ಕಿತ್ತು ಕೊಡುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಕಾಣಿಕೆ ಎಂದರೇನೆಂದು ಮಗು ಕಲಿಯುವುದು ಆ ಒಂದು ಕ್ಷಣದಲ್ಲಿ.

ವಾಸ್ಕೋ, ಮಡಗಾಂವ್‌ಗಳ ಬಾಡಿಗೆ ಮನೆಗಳಲ್ಲಿರುವ ಕನ್ನಡ ಕುಟುಂಬಗಳಿಗೆ ಅಂಗಳವೆಲ್ಲಿ ಎನ್ನುವಿರಾ? ಕಿಟಕಿಯ ಪಕ್ಕ ಎರಡು ಡಬ್ಬಿ ಸಾಕು. ಒಂದರಲ್ಲಿ ಹೂ, ಇನ್ನೊಂದರಲ್ಲಿ ಕೆಂಪು ಹರಿವೆ. ಹರಿವೆ ನಾಲ್ಕು ವಾರಗಳಲ್ಲಿ ಪಲ್ಯಕ್ಕೆ ಬರುತ್ತದೆ. ಪುಟ್ಟ ಮಕ್ಕಳ ತಾಳ್ಮೆಗೆ ತಕ್ಕ ಬೆಳೆ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆದ್ದರಿಂದ ಎಳೆಯ ಸಸಿಗಳನ್ನು ಸೂರಿನ ನೀರು ಬೀಳದ ಕಡೆ ಇಡಿ.

ಆಗಸ್ಟ್: ತೆನೆ ನೋಡುವ ಕಾಲ

ಆಗಸ್ಟ್ 5ರಂದು ರಾಯ್ ಗ್ರಾಮದಲ್ಲಿ, 21ರಂದು ತಾಳಗಾಂವ್‌ನಲ್ಲಿ 'ಕೊಣಸಾಚೆಂ ಫೆಸ್ತ್', ಅಂದರೆ ತೆನೆ ಹಬ್ಬ. ಹೊಸ ಭತ್ತದ ತೆನೆಯನ್ನು ಗುರುಗಳು ಆಶೀರ್ವದಿಸುತ್ತಾರೆ. ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಅನ್ನ ಅಂಗಡಿಯ ಚೀಲದಲ್ಲಿ ಹುಟ್ಟುವುದಿಲ್ಲವೆಂದು ಹೇಳುವುದಕ್ಕಿಂತ ತೋರಿಸುವುದು ಲೇಸು. ಗೌರಿ ಹೂವಿನ ಬಲಿತ ಕಾಯಿಯನ್ನು ಮುಟ್ಟಿದರೆ ಅದು ಸಿಡಿದು ಬೀಜ ಚೆಲ್ಲುತ್ತದೆ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಟವಿಲ್ಲ. ಆ ಬೀಜವನ್ನು ಹೆಕ್ಕಿಟ್ಟರೆ ಮುಂದಿನ ವರ್ಷದ ಪುರುಮೆಂತ್ ಅಲ್ಲಿಗೆ ಆರಂಭವಾದಂತೆ!

ಸಸಿ ಸತ್ತರೆ?

ತಂದೆತಾಯಂದಿರಿಗೆ ನನ್ನ ಮುಖ್ಯ ಬಿನ್ನಹ ಇಲ್ಲಿದೆ. ಮಗು ನೆಟ್ಟದ್ದೆಲ್ಲ ಬದುಕುವುದಿಲ್ಲ. ಕೆಲವು ಕೊಳೆಯುತ್ತವೆ, ಕೆಲವನ್ನು ಬಸವನಹುಳು ತಿನ್ನುತ್ತದೆ. ಆಗ ಮಗು ಅಳಬಾರದೆಂದು ರಾತ್ರೋರಾತ್ರಿ ನರ್ಸರಿಯ ಗಿಡ ತಂದು ಆ ಜಾಗದಲ್ಲಿ ನೆಡಬೇಡಿ. ಅದು ಪ್ರೀತಿಯಂತೆ ಕಂಡರೂ ಸುಳ್ಳು. ಮಗುವಿನ ಜೊತೆ ಕುಳಿತು ಮಣ್ಣು ಕೆದಕಿ ನೋಡಿ: ನೀರು ಹೆಚ್ಚಾಯಿತೇ? ಬೆಳಕು ಸಾಲಲಿಲ್ಲವೇ? ಆಮೇಲೆ ಪೊಟ್ಟಣದಲ್ಲಿ ಉಳಿದ ಬೀಜವನ್ನು ಮತ್ತೆ ಬಿತ್ತಿಸಿ. ಮುಂದೆ ಪರೀಕ್ಷೆಯಲ್ಲಿ, ಕೆಲಸದಲ್ಲಿ, ಸಂಬಂಧಗಳಲ್ಲಿ ಸೋಲು ಬಂದಾಗ ಅವರ ಹಿಂದೆ ಬಂದು ಗಿಡ ಬದಲಿಸಲು ನಾವಿರುವುದಿಲ್ಲ.

ಸಂತ ಮಾರ್ಕರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ರೈತ ಬೀಜ ಚೆಲ್ಲುತ್ತಾನೆ, ಮಲಗುತ್ತಾನೆ, ಏಳುತ್ತಾನೆ. ಅದು ಹೇಗೆ ಬೆಳೆಯಿತೆಂಬುದು ಅವನಿಗೇ ತಿಳಿಯದು. ದುಡಿಮೆ ನಮ್ಮದು, ಬೆಳೆಸುವವರು ದೇವರು. 2015ರಲ್ಲಿ 'ಲೌದಾತೊ ಸೀ' ವಿಶ್ವಪತ್ರ ಬರೆದ ಪೋಪ್ ಫ್ರಾನ್ಸಿಸ್‌ರವರೂ ಸೃಷ್ಟಿಯನ್ನು ಕಾಯುವ ಶಿಕ್ಷಣದಲ್ಲಿ ಕುಟುಂಬದ ಪಾತ್ರಕ್ಕೆ ವಿಶೇಷ ಒತ್ತು ಕೊಟ್ಟರು.

ಇಂದು ಸಂಜೆಯ ಜಪಸರದ ನಂತರ ಮನೆಯ ಮಕ್ಕಳನ್ನು ಕೇಳಿ: "ಮರಿಯಮ್ಮನಿಗೆ ಯಾವ ಹೂ ಬೆಳೆಸೋಣ?" ಉತ್ತರ ಅವರದಾಗಿರಲಿ, ಡಬ್ಬಿಯ ಮೇಲಿನ ಹೆಸರೂ ಅವರದೇ ಆಗಿರಲಿ.