ಕೃತಕ ಕವಾಟ ಹೇಳುವ ಪಾಠ

ನಮ್ಮ ಹೃದಯ ನಿಮಿಷಕ್ಕೆ ಸುಮಾರು 72 ಬಾರಿ ಮಿಡಿಯುತ್ತದೆ. ಅಂದರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು, ವರ್ಷಕ್ಕೆ ಸುಮಾರು 3.8 ಕೋಟಿ ಬಾರಿ. ಪ್ರತಿ ಮಿಡಿತದಲ್ಲೂ ಹೃದಯದ ನಾಲ್ಕು ಕವಾಟಗಳು ತೆರೆದು ಮುಚ್ಚುತ್ತವೆ. ರಕ್ತವು ಹಿಂದಕ್ಕೆ ಹರಿಯದಂತೆ ತಡೆಯುವುದು ಇವೇ. ಬಾಲ್ಯದಲ್ಲಿ ಗಂಟಲಿನ ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರ ಈ ಕವಾಟಗಳನ್ನು ಕೆಡಿಸಬಲ್ಲದು. ಆಗ ಕೃತಕ ಕವಾಟ ಜೋಡಿಸಬೇಕಾಗುತ್ತದೆ. ಒಂದು ಕಾಲದಲ್ಲಿ ಅವುಗಳನ್ನು ಹೊರದೇಶದಿಂದಲೇ ತರಿಸಬೇಕಿತ್ತು. ಬಡ ರೋಗಿಗೆ ಅದರ ಬೆಲೆ ಕೈಗೆಟುಕುತ್ತಿರಲಿಲ್ಲ.

ಇಂಥ ಕವಾಟವನ್ನು ರೂಪಿಸುವವರು ಯಾರು? ರಕ್ತ ಹೆಪ್ಪುಗಟ್ಟುವ ಬಗೆ ವೈದ್ಯರಿಗೆ ಗೊತ್ತು. ಲೋಹ ಸವೆಯುವ ಬಗೆ ಎಂಜಿನಿಯರಿಗೆ ಗೊತ್ತು. ಇವೆರಡೂ ಕೂಡುವ ಕ್ಷೇತ್ರವೇ ಜೈವಿಕ ವೈದ್ಯಕೀಯ ಎಂಜಿನಿಯರಿಂಗ್.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಹೃದಯ ಶಸ್ತ್ರವೈದ್ಯ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಅವರ ತಂಡ ಈ ಕೆಲಸಕ್ಕೆ ಕೈಹಾಕಿತು. ಉಂಗುರದೊಳಗೆ ಓರೆಯಾಗಿ ತೆರೆದು ಮುಚ್ಚುವ ಒಂದು ಬಿಲ್ಲೆ, ಇದು ಅದರ ರಚನೆ. ಬಿಲ್ಲೆಗೆ ಯಾವ ವಸ್ತು ಸೂಕ್ತ? ಬಹಳ ಗಟ್ಟಿಯಾದದ್ದೇ ಒಳ್ಳೆಯದೆಂದು ನಮಗೆ ತೋರಬಹುದು. ತಂಡವೂ ನೀಲಮಣಿ ಹರಳಿನ ಬಿಲ್ಲೆಯನ್ನು ಪ್ರಯೋಗಿಸಿತು. ಆದರೆ ಅದು ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಕೊನೆಗೆ ಗೆದ್ದದ್ದು ಅದಕ್ಕಿಂತ ಎಷ್ಟೋ ಮೃದುವಾದ ಪ್ಲಾಸ್ಟಿಕ್, ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್. ಉಂಗುರಕ್ಕೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ, ಹೊಲಿಗೆಗೆ ಪಾಲಿಎಸ್ಟರ್ ಬಟ್ಟೆ. ಯಂತ್ರದಲ್ಲಿ ಕೋಟ್ಯಂತರ ಬಾರಿ ಬಡಿಸಿ, ಕುರಿಗಳಲ್ಲಿ ಪರೀಕ್ಷಿಸಿದ ಮೇಲೆಯೇ 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಗೆ ಜೋಡಿಸಲಾಯಿತು. ಮುಂದೆ ಡಾ. ವಲಿಯತ್ತಾನ್ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು.

ಸಮಸ್ಯೆ ಇಲ್ಲಿಗೇ ಮುಗಿಯಲಿಲ್ಲ. ಯಾಂತ್ರಿಕ ಕವಾಟ ಪಡೆದವರು ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಔಷಧಿ ಸೇವಿಸಬೇಕು. ಈ ತೊಂದರೆಯನ್ನು ತಪ್ಪಿಸುವ ಯಾಂತ್ರಿಕ ಕವಾಟ ಮುಂದಿನ ಪೀಳಿಗೆಯ ಎಂಜಿನಿಯರುಗಳಿಗೆ ಬಿಟ್ಟ ಪ್ರಶ್ನೆ.

ಈ ಕ್ಷೇತ್ರಕ್ಕೆ ಬರಲು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು. ಜೀವಶಾಸ್ತ್ರದ ಪರಿಚಯವಿದ್ದರೆ ಅನುಕೂಲ. ನಮ್ಮ ರಾಜ್ಯದ ಕೆಲವು ಕಾಲೇಜುಗಳಲ್ಲಿ ಬಯೋಮೆಡಿಕಲ್ ಅಥವಾ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಬಿ.ಇ. ಪದವಿ ಇದೆ. ಎಲೆಕ್ಟ್ರಾನಿಕ್ಸ್ ಅಥವಾ ಮೆಕ್ಯಾನಿಕಲ್ ಓದಿದವರೂ ಸ್ನಾತಕೋತ್ತರ ಹಂತದಲ್ಲಿ ಇತ್ತ ಬರಬಹುದು. ಉಪಕರಣ ತಯಾರಿಕೆ, ಅವುಗಳ ಗುಣಮಟ್ಟ ಪರೀಕ್ಷೆ, ಸಂಶೋಧನೆ, ಆಸ್ಪತ್ರೆಗಳಲ್ಲಿ ಉಪಕರಣಗಳ ನಿರ್ವಹಣೆ, ಹೀಗೆ ಕೆಲಸಗಳು ಹಲವು. ಕೊನೆಯದನ್ನು ಕಡೆಗಣಿಸುವಂತಿಲ್ಲ. ತುರ್ತು ಹೊತ್ತಿನಲ್ಲಿ ಕೆಟ್ಟು ನಿಂತ ವೆಂಟಿಲೇಟರ್ ಇದ್ದೂ ಇಲ್ಲದಂತೆ.

ಶಿಕ್ಷಕರು ತರಗತಿಯಲ್ಲಿ ಒಂದು ಪ್ರಶ್ನೆ ಕೇಳಬಹುದು: ಹತ್ತು ವರ್ಷ ಬಾಳಬೇಕಾದ ಕವಾಟ ಎಷ್ಟು ಬಾರಿ ಮುಚ್ಚಬೇಕು? ಉತ್ತರ ಸುಮಾರು 38 ಕೋಟಿ. ಅದರಲ್ಲಿ ಒಂದು ಬಾರಿಯೂ ತಪ್ಪುವಂತಿಲ್ಲ. ಈ ವಿದ್ಯೆ ಬೇಡುವ ಹೊಣೆ ಎಂಥದೆಂದು ಆಗ ವಿದ್ಯಾರ್ಥಿಗಳಿಗೇ ತಿಳಿಯುತ್ತದೆ.